ಕಿವಿಯೊಳಗಿನ "ಕೂದಲು" ಎಣ್ಣೆ ಬಿಟ್ರೆ ಮತ್ತೆ ಬರುತ್ತಾ? ಬರಲ್ಲ ಕಣ್ರೀ

ಪ್ರಶ್ನೆ: ಮೇಡಂ, ನಮ್ಮ ತಂದೆಗೆ 68 ವರ್ಷ. ಕಿವಿಯೊಳಗಿನ ಹೇರ್ ಸೆಲ್ ಹಾಳಾಗಿದೆ, ಮಿಷಿನ್ ಹಾಕ್ಸಿ ಅಂದ್ರು ಡಾಕ್ಟ್ರು. ತಲೆ ಕೂದ್ಲು ಉದುರಿದ್ರೆ ಮತ್ತೆ ಬರುತ್ತಲ್ವಾ, ಹಾಗೇ ಇದೂ ಬರೋ ಥರ ಯಾವ್ದಾದ್ರೂ ಎಣ್ಣೆ ಇದ್ರೆ ತಿಳಿಸಿ.

ಇದೇ ಪ್ರಶ್ನೆ ಈ ತಿಂಗಳಲ್ಲಿ ಆರನೇ ಸಲ ಬಂದಿದೆ. ಎಣ್ಣೆ ಹೆಸರು ಮಾತ್ರ ಬದಲಾಗುತ್ತೆ, ಒಬ್ರು ಕೊಬ್ಬರಿ ಎಣ್ಣೆ ಅಂತಾರೆ, ಒಬ್ರು ಎಳ್ಳೆಣ್ಣೆ, ಒಬ್ರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಮೊನ್ನೆ ಒಬ್ರು ನೇರವಾಗಿ ಕೂದಲು ಬೆಳೆಯೋ ಎಣ್ಣೆ ಬಾಟಲಿಯ ಫೋಟೋನೇ ಕಳಿಸಿದ್ರು. ಆದ್ರಿಂದ ಈ ಸಲ ಉದ್ದಕ್ಕೆ ಬರೀತೀನಿ, ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸ್ತೀನಿ.

ಮೊದ್ಲು ಹೆಸರಿನ ಗಲಾಟೆ. ತಪ್ಪು ನಿಮ್ದಲ್ಲ, ಹೆಸರಿಟ್ಟವರದು. ಮೈಕ್ರೋಸ್ಕೋಪಲ್ಲಿ ನೋಡಿದಾಗ ಜೀವಕೋಶದ ನೆತ್ತಿ ಮೇಲೆ ಸಣ್ಣ ಕಡ್ಡಿಗಳ ಗೊಂಚಲು ಕಾಣಿಸ್ತು, ಕೂದಲಿನ ಥರ ಇದೆ ಅಂತ ಹೇರ್ ಸೆಲ್ ಅಂದ್ಬಿಟ್ರು, ಅಲ್ಲಿಂದ ಶುರು ನನ್ನ ತಲೆನೋವು. ಕೂದಲು ಅಂದ್ರೆ ಕೆರಾಟಿನ್, ಉಗುರಿನ ಜಾತಿ, ಹೊರಗೆ ಕಾಣೋದೆಲ್ಲ ಸತ್ತ ವಸ್ತು, ಚರ್ಮದೊಳಗೆ ಬುಡ ಜೀವಂತ ಇರೋತನಕ ಎಷ್ಟು ಕತ್ತರಿಸಿದ್ರೂ ಬರುತ್ತೆ. ಹೇರ್ ಸೆಲ್ ನೆತ್ತಿ ಮೇಲಿನ ಕಡ್ಡಿಯೊಳಗೆ ಇರೋದು ಆಕ್ಟಿನ್ ಅನ್ನೋ ಪ್ರೋಟೀನು, ನಿಮ್ಮ ತೋಳಿನ ಸ್ನಾಯುವಿನಲ್ಲೂ ಅದೇ ಇರೋದು. ಬುಡ ಗಿಡ ಏನಿಲ್ಲ. ಇನ್ನು ಕಟಿಂಗ್ ಶಾಪಲ್ಲಿ ಕಿವಿ ಕೂದ್ಲು ತೆಗೆಸಿದ್ರೆ ಕಿವುಡಾಗ್ತೀವಾ ಅಂತ ಹೋದ ವಾರ ಕೇಳಿದವರಿಗೆ: ಧಾರಾಳವಾಗಿ ತೆಗೆಸಿ.

ಈಗ ಆ ಕೋಶ ಮಾಡೋ ಕೆಲಸ. ಶಬ್ದ ಕಿವಿತಮಟೆಗೆ ಬಡಿಯುತ್ತೆ, ಮೂರು ಪುಟ್ಟ ಮೂಳೆ ಅದನ್ನ ಒಳಗೆ ದಾಟಿಸುತ್ತೆ, ಅಲ್ಲಿ ಬಸವನಹುಳುವಿನ ಚಿಪ್ಪಿನ ಥರ ಸುಮಾರು ಎರಡೂವರೆ ಸುತ್ತು ಸುತ್ಕೊಂಡಿರೋ ಕಾಕ್ಲಿಯಾ, ಬಟಾಣಿ ಕಾಳಿನಷ್ಟು ದೊಡ್ಡದು, ಬಿಡಿಸಿ ಉದ್ದಕ್ಕೆ ಹಾಸಿದ್ರೆ 35 ಮಿಲಿಮೀಟರ್ ಆಸುಪಾಸು. ಇಷ್ಟು ಸ್ಕೂಲಲ್ಲಿ ಓದಿರ್ತೀರಿ. ಆ ಉದ್ದಕ್ಕೂ ಹೇರ್ ಸೆಲ್‌ಗಳು ಸಾಲಾಗಿ ಕೂತಿರ್ತವೆ, ಒಳಗಡೆ ಒಂದು ಸಾಲು, ಹೊರಗಡೆ ಮೂರು ಸಾಲು. ಒಂದು ಕಿವಿಗೆ ಒಳಸಾಲಿನವು ಸುಮಾರು 3,500, ಹೊರಸಾಲಿನವು ಸುಮಾರು 12,000. ಅಷ್ಟೇ ಇರೋದು. ತಲೆ ಮೇಲೆ ಕೂದಲೇ ಲಕ್ಷದ ಲೆಕ್ಕದಲ್ಲಿರುತ್ತೆ, ಕಣ್ಣಿನ ರೆಟಿನಾದಲ್ಲಿ ಬೆಳಕು ಹಿಡಿಯೋ ಕೋಶ 10 ಕೋಟಿಗೂ ಜಾಸ್ತಿ, ಕಿವಿಗೆ ಮಾತ್ರ ಹದಿನೈದು ಸಾವಿರ ಚಿಲ್ಲರೆ, ಅದೂ ಅಮ್ಮನ ಹೊಟ್ಟೇಲಿದ್ದಾಗಲೇ ಕೊಟ್ಟು ಮುಗಿಸಿರೋದು.

ಪ್ರತಿ ಕೋಶದ ನೆತ್ತಿ ಮೇಲಿನ ಕಡ್ಡಿಗಳು ಸ್ಕೂಲ್ ಗ್ರೂಪ್ ಫೋಟೋ ಥರ ನಿಂತಿರ್ತವೆ, ಮುಂದೆ ಕುಳ್ಳರು, ಹಿಂದೆ ಎತ್ತರದವರು. ಒಂದೊಂದು ಕುಳ್ಳನ ನೆತ್ತಿಯಿಂದ ಹಿಂದಿನ ಎತ್ತರದವನ ಮೈಗೆ ಒಂದು ಎಳೆ ದಾರ ಕಟ್ಟಿರುತ್ತೆ. ಶಬ್ದ ಬಂದು ಕೆಳಗಿನ ಪೊರೆ ಅಲುಗಿದ್ರೆ ಗೊಂಚಲು ಎತ್ತರದವರ ಕಡೆ ಓಲುತ್ತೆ, ದಾರ ಬಿಗಿಯಾಗುತ್ತೆ, ಬಿಗಿಯಾದ ದಾರ ಒಂದು ಸಣ್ಣ ಬಾಗಿಲನ್ನ ಎಳೆದು ತೆಗೆಯುತ್ತೆ, ಆ ಬಾಗಿಲಿಂದ ಪೊಟ್ಯಾಸಿಯಮ್ ಒಳಗೆ ನುಗ್ಗುತ್ತೆ. ಕುಳ್ಳರ ಕಡೆ ಓಲಿದ್ರೆ ದಾರ ಸಡಿಲ, ಬಾಗಿಲು ಬಂದ್. ಇಷ್ಟೇ ರೀ ಕೇಳಿಸೋದು ಅಂದ್ರೆ. ದಾರಕ್ಕೂ ಬಾಗಿಲಿಗೂ ಮಧ್ಯದಲ್ಲಿ ರಾಸಾಯನಿಕ ಪ್ರಕ್ರಿಯೆ ಯಾವುದೂ ಇಲ್ಲ, ನೇರ ಎಳೆತ, ಅದಕ್ಕೇ ಸೆಕೆಂಡಿಗೆ ಸಾವಿರಾರು ಸಲ ತೆಗೆದು ಹಾಕೋಕೆ ಆಗೋದು. ತೀರಾ ಸಣ್ಣ ಪಿಸುಮಾತಿಗೆ ಆ ಗೊಂಚಲು ಅಲುಗೋದು ನ್ಯಾನೋಮೀಟರ್ ಲೆಕ್ಕದಲ್ಲಿ.

ಪೊಟ್ಯಾಸಿಯಮ್ ಅಷ್ಟು ಜೋರಾಗಿ ಯಾಕೆ ನುಗ್ಗುತ್ತೆ ಅಂದ್ರೆ, ಓವರ್‌ಹೆಡ್ ಟ್ಯಾಂಕ್ ನೆನೆಸ್ಕೊಳ್ಳಿ. ಕಡ್ಡಿಗಳು ಮುಳುಗಿರೋ ದ್ರವ ಪ್ಲಸ್ 80 ಮಿಲಿವೋಲ್ಟ್ ಆಸುಪಾಸಲ್ಲಿರುತ್ತೆ, ಕೋಶದ ಒಳಗೆ ಮೈನಸ್. ಪಂಪ್ ಹೊಡೆದು ಟ್ಯಾಂಕ್ ತುಂಬ್ಸೋ ಕೆಲಸ ಕಾಕ್ಲಿಯಾದ ಗೋಡೆಯಲ್ಲಿರೋ ಬೇರೆ ಅಂಗಾಂಶದ್ದು, ಹೇರ್ ಸೆಲ್ ಬರೀ ನಲ್ಲಿ ತಿರುಗಿಸೋದು. ಒಳಗೆ ಕರೆಂಟ್ ಬಂದ ತಕ್ಷಣ ಒಳಸಾಲಿನ ಕೋಶ ಕೆಳಗಿರೋ ನರಕ್ಕೆ ಗ್ಲುಟಮೇಟ್ ಅನ್ನೋ ರಾಸಾಯನಿಕ ಬಿಡುತ್ತೆ, ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತೆ. ಹೊರಸಾಲಿನವರ ಕಥೆ ಬೇರೆ, ಅವರು ಕೇಳೋದಕ್ಕಿಂತ ಕುಣಿಯೋದು ಜಾಸ್ತಿ, ಕೊನೇಲಿ ಬರ್ತೀನಿ.

ಸರಿ, ಎಣ್ಣೆಗೆ ಬರೋಣ.

ಕಿವಿಗೆ ಬಿಟ್ಟ ಎಣ್ಣೆ ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದೀರಿ? ಕಿವಿ ತೂತು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಓಣಿ, ಆ ತುದಿಯಲ್ಲಿ ಕಿವಿತಮಟೆ, ಪೂರ್ತಿ ಬಂದ್. ಎಣ್ಣೆ ಅಲ್ಲಿಗೇ ನಿಲ್ಲುತ್ತೆ, ನೀವು ತಲೆ ವಾಲಿಸಿದ್ರೆ ವಾಪಸ್ ದಿಂಬಿಗೆ ಬರುತ್ತೆ. ತಮಟೆಯ ಆಚೆ ಗಾಳಿ ತುಂಬಿದ ಒಂದು ಕೋಣೆ, ಅದರಾಚೆ ಮೂಳೆ ಗೋಡೆ, ಅದೂ ಎಂಥ ಮೂಳೆ ಅಂದ್ರೆ ಇಡೀ ದೇಹದಲ್ಲಿ ಇದರಷ್ಟು ಗಟ್ಟಿ ಜಾಗ ಕಮ್ಮಿ, ಲ್ಯಾಟಿನ್‌ನಲ್ಲಿ ಅದಕ್ಕೆ ಇಟ್ಟಿರೋ ಹೆಸರಿನ ಅರ್ಥವೇ ಬಂಡೆಯಂಥದ್ದು ಅಂತ. ಹೇರ್ ಸೆಲ್ ಇರೋದು ಆ ಬಂಡೆಯೊಳಗೆ. ಮನೆ ಗೇಟಿಗೆ ನೀರು ಚಿಮುಕಿಸಿ ಬ್ಯಾಂಕ್ ಲಾಕರೊಳಗಿನ ಗಿಡ ಚಿಗುರಲಿ ಅಂತ ಕಾದ ಹಾಗಾಯ್ತು.

"ನಮ್ಮಪ್ಪನಿಗೆ ಒಳಗೆ ಹೋಯ್ತು ಮೇಡಂ, ಗಂಟಲಲ್ಲಿ ಎಣ್ಣೆ ರುಚಿ ಬಂತು" ಅಂತ ಒಬ್ರು ಖುಷಿಯಿಂದ ಬರೆದಿದ್ರು. ಸ್ವಾಮಿ, ಅದು ಖುಷಿ ಪಡೋ ವಿಷಯ ಅಲ್ಲ, ತಮಟೆಯಲ್ಲಿ ತೂತಿದೆ ಅಂತ ಅರ್ಥ. ಆ ತೂತಿಂದ ಎಣ್ಣೆ ಹೋದ್ರೆ ನಡುಗಿವಿಯಲ್ಲಿ ಕೀವು ಆಗುತ್ತೆ, ಕಿವಿ ಸೋರುತ್ತೆ. ತೂತಿಲ್ಲದವರಿಗೂ ಓಣಿಯಲ್ಲಿ ಜಿಡ್ಡು, ತೇವ, ಬೆಚ್ಚಗೆ ಇದ್ರೆ ಫಂಗಸ್ಸಿಗೆ ಹಬ್ಬ, ಮಳೆಗಾಲದಲ್ಲಿ ನಮ್ಮ ಹತ್ರ ಕಿವಿ ತುರಿಕೆ ಅಂತ ಬರೋರನ್ನ ಕೇಳಿದ್ರೆ ಎಷ್ಟೋ ಜನ ಎಣ್ಣೆ ಪಾರ್ಟಿಯವರೇ. ಬೆಳ್ಳುಳ್ಳಿ ಎಣ್ಣೆ ಬಿಸಿ ಸರಿಯಾಗಿ ನೋಡದೆ ಬಿಟ್ಟು ಓಣಿಯ ಚರ್ಮ ಸುಟ್ಕೊಂಡವರನ್ನೂ ನೋಡಿದೀನಿ.

ಆದ್ರೂ "ನಮ್ಮಜ್ಜಿಗೆ ಎಣ್ಣೆ ಬಿಟ್ಮೇಲೆ ಕಿವಿ ಕೇಳಿಸ್ತು" ಅನ್ನೋರು ಸುಳ್ಳು ಹೇಳ್ತಿಲ್ಲ, ಅದನ್ನೂ ಒಪ್ಕೊಳ್ತೀನಿ. ಅಜ್ಜಿಗೆ ಆಗಿದ್ದು ಗುಗ್ಗೆ. ಗುಗ್ಗೆ ಗಟ್ಟಿಯಾಗಿ ಓಣಿ ಮುಚ್ಚಿತ್ತು, ಎಣ್ಣೆ ಅದನ್ನ ಮೆತ್ತಗೆ ಮಾಡ್ತು, ಜಾರಿ ಆಚೆ ಬಂತು, ಕಿವಿ ಓಪನ್. ಗುಗ್ಗೆ ಮೆತ್ತಗೆ ಮಾಡೋಕೆ ಡಾಕ್ಟ್ರೂ ಡ್ರಾಪ್ಸ್ ಕೊಡ್ತಾರೆ. ಅದು ಓಣಿಯ ಕಸದ ಸಮಸ್ಯೆ, ಹೇರ್ ಸೆಲ್‌ದು ಅಲ್ಲ. ಈ ಒಂದು ಸಕ್ಸಸ್ ಕಥೆ ಇಟ್ಕೊಂಡು ಇಡೀ ಊರಿನ ಕಿವಿಗೆ ಎಣ್ಣೆ ಹಾಕ್ತಿದೀವಿ ನಾವು.

ನನಗೆ ಇಷ್ಟು ಸಿಟ್ಟು ಯಾಕೆ ಅಂದ್ರೆ, ಎಣ್ಣೆಯಿಂದ ಆಗೋ ದೊಡ್ಡ ನಷ್ಟ ಟೈಮು. ಒಬ್ಬರಿಗೆ ಬೆಳಿಗ್ಗೆ ಎದ್ದಾಗ ಒಂದು ಕಿವಿ ದಿಢೀರ್ ಬಂದ್ ಆಗಿತ್ತು, ಫೋನ್ ಆ ಕಿವಿಗಿಟ್ರೆ ಏನೂ ಇಲ್ಲ. ಶೀತ ಇರ್ಬೇಕು ಅಂತ ಮನೇಲಿ ಎಣ್ಣೆ, ಆಮೇಲೆ ತುಳಸಿ ರಸ, ಆಮೇಲೆ ಬೇರೆ ಎಣ್ಣೆ, ನಮ್ಮ ಹತ್ರ ಬರೋ ಹೊತ್ತಿಗೆ ಒಂದೂವರೆ ತಿಂಗಳು. ಹೀಗೆ ದಿಢೀರ್ ಹೋದ ಕಿವಿಗೆ ಸ್ಟಿರಾಯ್ಡ್ ಕೊಡ್ತಾರೆ, ಅದು ಎಷ್ಟು ಬೇಗ ಶುರುವಾದ್ರೆ ಅಷ್ಟು ಒಳ್ಳೇದು, ಮೊದಲ ಎರಡು ವಾರದಲ್ಲಿ ಲಾಭ ಜಾಸ್ತಿ. ಅವರು ಆ ಎರಡೂ ವಾರ ದಿಂಬಿನ ಕವರ್ ಎಣ್ಣೆ ಮಾಡ್ಕೊಂಡು ಮಲಗಿದ್ರು. ದಿಢೀರ್ ಅಂತ ಒಂದು ಕಿವಿ ಹೋದ್ರೆ ಅವತ್ತೇ ಇಎನ್‌ಟಿ ಹತ್ರ ಹೋಗಿ, ಬೇರೆ ಏನೂ ನೆನಪಿಟ್ಕೊಳ್ದಿದ್ರೂ ಪರವಾಗಿಲ್ಲ.

ಹಾಗಾದ್ರೆ ಸತ್ತ ಹೇರ್ ಸೆಲ್ ಯಾವ ಪ್ರಾಣಿಗೂ ಮತ್ತೆ ಬರಲ್ವಾ ಅಂದ್ರೆ, ಬರುತ್ತೆ, ಕೋಳಿಗೆ ಬರುತ್ತೆ. 1980ರ ದಶಕದ ಕೊನೇಲಿ ಅಮೆರಿಕದಲ್ಲಿ ಕೋಳಿಮರಿಗಳ ಕಿವಿಯನ್ನ ಜೋರು ಶಬ್ದದಿಂದ ಹಾಳು ಮಾಡಿ ನೋಡಿದ್ರು, ಕೆಲವೇ ದಿನದಲ್ಲಿ ಹೊಸ ಹೇರ್ ಸೆಲ್ ಹುಟ್ಟಿದ್ವು, ಪಕ್ಕದಲ್ಲಿ ಆಧಾರಕ್ಕೆ ನಿಂತಿರೋ ಕೋಶಗಳೇ ವೇಷ ಬದಲಿಸಿ ಹೇರ್ ಸೆಲ್ ಆಗ್ತವೆ. ಮೀನಿಗೂ ಬರುತ್ತೆ. ನಮಗೆ, ನಾಯಿಗೆ, ಹಸುವಿಗೆ, ಸಸ್ತನಿ ಅನ್ನಿಸ್ಕೊಂಡ ಯಾರಿಗೂ ಕಾಕ್ಲಿಯಾದಲ್ಲಿ ಬರಲ್ಲ. ಔಷಧಿಯಿಂದ ಬರಿಸ್ತೀವಿ ಅಂತ ಹೊರಟ ಅಮೆರಿಕದ ಒಂದು ಕಂಪನಿಯ ಟ್ರಯಲ್ 2023ರಲ್ಲಿ ಫೇಲ್ ಆಯ್ತು. ಇನ್ನು 2024ರಲ್ಲಿ ಶಾಂಘೈಯಲ್ಲಿ ಹುಟ್ಟುಕಿವುಡು ಮಕ್ಕಳಿಗೆ ಜೀನ್ ಥೆರಪಿಯಿಂದ ಕೇಳಿಸ್ತು ಅನ್ನೋ ಸುದ್ದಿ ನಿಜಾನೇ, ಆದ್ರೆ ಆ ಮಕ್ಕಳ ಹೇರ್ ಸೆಲ್ ಸತ್ತಿರ್ಲಿಲ್ಲ, ನರಕ್ಕೆ ಸುದ್ದಿ ಬಿಡೋಕೆ ಬೇಕಾದ ಒಂದು ಪ್ರೋಟೀನ್ ಇರ್ಲಿಲ್ಲ, ಅದನ್ನ ಕೊಟ್ರು. ನಿಮ್ಮ ತಂದೆಯ ಕೇಸ್ ಅದಲ್ಲ, ದಯವಿಟ್ಟು ಆ ವಿಡಿಯೋ ಮತ್ತೆ ನನಗೆ ಫಾರ್ವರ್ಡ್ ಮಾಡ್ಬೇಡಿ.

ಹೇರ್ ಸೆಲ್ ಸಾಯೋದು ಯಾತಕ್ಕೆ ಅನ್ನೋದು ಬೇಗ ಹೇಳ್ತೀನಿ. ವಯಸ್ಸು, ಶಬ್ದ, ಕೆಲವು ಔಷಧಿ. ಜೆಂಟಾಮೈಸಿನ್, ಅಮಿಕಾಸಿನ್ ಥರದ ಆಂಟಿಬಯೋಟಿಕ್ ಇಂಜೆಕ್ಷನ್‌ಗಳು ಪೊಟ್ಯಾಸಿಯಮ್ ಬರೋ ಅದೇ ಬಾಗಿಲಿಂದ ಒಳಗೆ ನುಗ್ಗಿ ಕೋಶ ಕೊಲ್ತವೆ, ಹಾಗಂತ ಜೀವ ಉಳಿಸೋಕೆ ಕೊಟ್ಟಾಗ ಬೇಡ ಅನ್ಬೇಡಿ, ಕಿವಿ ಟೆಸ್ಟ್ ಮಾಡ್ಸಿ ಅಂತ ಕೇಳಿ. ಶಬ್ದಕ್ಕೆ ಲೆಕ್ಕ: 85 ಡೆಸಿಬೆಲ್ ಆದ್ರೆ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಟೈಮು ಅರ್ಧ, 100 ಡೆಸಿಬೆಲ್‌ಗೆ ಬಂದ್ರೆ 15 ನಿಮಿಷ. ಗಣೇಶನ ಮೆರವಣಿಗೆ ಡಿಜೆ ಮುಂದೆ ಎಷ್ಟು ಹೊತ್ತು ಕುಣಿದ್ರಿ ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ. ಮನೆಗೆ ಬಂದ್ಮೇಲೆ ಕಿವಿ ಗುಂಯ್ ಅಂದು ಮಾರನೇ ದಿನ ಸರಿ ಹೋಯ್ತು ಅಂದ್ರೆ ಕೋಶಗಳು ಚೇತರಿಸ್ಕೊಂಡಿರ್ಬಹುದು, ಆದ್ರೆ 2009ರಲ್ಲಿ ಇಲಿಗಳಲ್ಲಿ ನೋಡಿದಾಗ ಟೆಸ್ಟ್ ನಾರ್ಮಲ್‌ಗೆ ವಾಪಸ್ ಬಂದ್ಮೇಲೂ ಕೋಶ ಮತ್ತು ನರದ ನಡುವಿನ ಕೊಂಡಿಗಳು ಖಾಯಂ ಆಗಿ ಹೋಗಿದ್ವು.

ನೀವು ಕೇಳಿಲ್ಲ, ಆದ್ರೂ ನಿಮ್ಮ ಮನೇಲಿ ಇದು ನಡೀತಿರುತ್ತೆ ಅಂತ ನನಗೆ ಗೊತ್ತು. ಅಪ್ಪ "ಏನಂದೆ? ಜೋರಾಗಿ ಹೇಳು" ಅಂತಾರೆ, ನೀವು ಜೋರಾಗಿ ಹೇಳ್ತೀರಿ, "ಕಿರುಚ್ತೀಯ ಯಾಕೆ, ನಾನೇನು ಕಿವುಡನಾ" ಅಂತ ರೇಗ್ತಾರೆ. ಬೇಕು ಅಂತ ಮಾಡೋದಲ್ಲ ಅದು. ಹೊರಸಾಲಿನ ಕೋಶಗಳು ಕರೆಂಟ್ ಬದಲಾದ ಹಾಗೆ ಉದ್ದ ಗಿಡ್ಡ ಆಗ್ತಾ ಕುಣಿಯುತ್ತವೆ (1985ರಲ್ಲಿ ಬ್ರೌನೆಲ್ ಅನ್ನೋರು ತೋರಿಸಿದ್ದು), ಆ ಕುಣಿತದಿಂದ ಸಣ್ಣ ಶಬ್ದ ದೊಡ್ಡದಾಗಿ ಒಳಸಾಲಿನವರಿಗೆ ಸಿಗುತ್ತೆ. ದೊಡ್ಡ ಶಬ್ದಕ್ಕೆ ಅವು ಹೆಚ್ಚೇನೂ ಸೇರಿಸಲ್ಲ. ಮೊದಲು ಸಾಯೋರು ಸಾಮಾನ್ಯವಾಗಿ ಇವರೇ. ಆಗ ಸಣ್ಣ ಶಬ್ದ ಪೂರ್ತಿ ಮಾಯ, ದೊಡ್ಡ ಶಬ್ದ ಮುಂಚಿನಷ್ಟೇ ದೊಡ್ಡದು, ಕೇಳಿಸಲ್ಲ ಅನ್ನೋದಕ್ಕೂ ಕಿವಿ ಕಿತ್ತೋಗುತ್ತೆ ಅನ್ನೋದಕ್ಕೂ ಮಧ್ಯೆ ಜಾಗವೇ ಉಳಿಯಲ್ಲ. ಜೊತೆಗೆ ಕಾಕ್ಲಿಯಾದ ಬಾಗಿಲ ಹತ್ರ ಕೂತಿರೋ ಕೋಶಗಳಿಗೆ ಕೀಚು ಸ್ವರ, ಒಳತುದಿಯವಕ್ಕೆ ದಪ್ಪ ಸ್ವರ, ವಯಸ್ಸಾದಾಗ ಮೊದಲು ಹೋಗೋದು ಬಾಗಿಲ ಹತ್ರದವು. ಮಲೆನಾಡಿನ ಅಜ್ಜಂದಿರು "ಈಗ ಜೀರುಂಡೆಗಳೇ ಇಲ್ಲ ಬಿಡು" ಅಂದ್ರೆ ಒಂದು ಸಲ ಮೊಮ್ಮಗಳನ್ನ ಕೇಳಿ ನೋಡಿ. ಮಾತಿನಲ್ಲೂ ಅದೇ: "ಆ" ಅನ್ನೋದು ದಪ್ಪ ಸ್ವರ, ಕೇಳುತ್ತೆ, ಸ ಶ ಕ ತ ಕೀಚು, ಕೇಳಲ್ಲ. ಹಾಲು, ಸಾಲು, ಕಾಲು, ಶಾಲು ಎಲ್ಲಾ ಅವರಿಗೆ ಒಂದೇ "ಆಲು". ಅದಕ್ಕೇ ಮಾತು ಕೇಳುತ್ತೆ, ಏನಂದ್ರು ಅಂತ ಗೊತ್ತಾಗಲ್ಲ ಅನ್ನೋದು. ಕಿರುಚೋ ಬದಲು ಟಿವಿ ಆರಿಸಿ, ಎದುರಿಗೆ ಕೂತು, ನಿಧಾನಕ್ಕೆ ಮಾತಾಡಿ. ಮತ್ತೆ ಮಿಷಿನ್ ಹಾಕ್ಸಿ, ಒಳ್ಳೇ ಮಿಷಿನ್ ಸಣ್ಣ ಶಬ್ದ ಹೆಚ್ಚು ಮಾಡಿ ದೊಡ್ಡದನ್ನ ತಡೆಯುತ್ತೆ, ಹೊರಸಾಲಿನವರ ಕೆಲಸವನ್ನೇ ಅರ್ಧಂಬರ್ಧ ಮಾಡುತ್ತೆ.

ಇನ್ನೊಂದು ಮಜಾ ಹೇಳಿ ಬಿಡ್ತೀನಿ. ಆ ಕುಣಿತದ ಶಬ್ದ ವಾಪಸ್ ತಮಟೆ ಮೂಲಕ ಆಚೆನೂ ಬರುತ್ತೆ, ಅಂದ್ರೆ ಕಿವಿ ತಾನೇ ಸದ್ದು ಮಾಡುತ್ತೆ. 1978ರಲ್ಲಿ ಲಂಡನ್‌ನ ಡೇವಿಡ್ ಕೆಂಪ್ ಇದನ್ನ ಮೈಕಲ್ಲಿ ಹಿಡಿದು ತೋರಿಸಿದ್ರು. ಈಗ ಹುಟ್ಟಿದ ಮಗುವಿಗೆ ಮಾಡೋ ಓಎಇ ಟೆಸ್ಟ್ ಇದೇ: ಮಲಗಿರೋ ಮಗುವಿನ ಕಿವಿಗೆ ಮೆತ್ತನೆ ಬಿರಡೆ ಇಟ್ಟು ಟಿಕ್ ಟಿಕ್ ಅನ್ನಿಸೋದು, ಕಿವಿ ಉತ್ತರ ಕೊಟ್ರೆ ಹೊರಸಾಲಿನವರು ಬದುಕಿದಾರೆ ಅಂತ. ಉತ್ತರ ಬರ್ಲಿಲ್ಲ ಅಂದ ತಕ್ಷಣ ಕಿವುಡು ಅಂತಲ್ಲ, ಹುಟ್ಟಿದಾಗಿನ ನೀರು, ಕೊಳೆ ಇದ್ರೂ ಹೀಗಾಗುತ್ತೆ, ಅದಕ್ಕೇ ಮತ್ತೆ ಬನ್ನಿ ಅಂತ ಡೇಟ್ ಕೊಡೋದು. ಆ ಡೇಟಿಗೆ ಬಾಣಂತನ ಮುಗೀಲಿ, ಮೂರು ತಿಂಗಳಾಗ್ಲಿ ಅಂತ ಕಾಯೋರು ಜಾಸ್ತಿ; ಕಾಯ್ಬೇಡಿ, ಸಮಸ್ಯೆ ಇದ್ರೆ ಮೂರು ತಿಂಗಳೊಳಗೆ ಪತ್ತೆ ಆಗ್ಬೇಕು, ಆರು ತಿಂಗಳೊಳಗೆ ಮಿಷಿನ್ ಕಿವಿಗೆ ಬಂದಿರ್ಬೇಕು. ಬರೋ ದಿನ ಬೆಳಿಗ್ಗೆ ಎರೆಯುವಾಗ ಮಗುವಿನ ಎರಡೂ ಕಿವಿಗೆ ತುಂಬ ಎಣ್ಣೆ ಬಿಟ್ಟು ಕರ್ಕೊಂಡು ಬಂದ್ರೆ ಮೈಕಿಗೆ ಏನೂ ಸಿಗಲ್ಲ, ನಾನು ಇನ್ನೊಂದು ಡೇಟ್ ಕೊಡ್ಬೇಕಾಗುತ್ತೆ.