ಕಾಡು, ಬೆಟ್ಟ, ನದಿ ಕಣಿವೆಯ ಸೈಕಲ್ ದಾರಿಗೆ ಮಲೆನಾಡಿಗೇ ಹೋಗಬೇಕೆ?

ಪ್ರಶ್ನೆ: ನಾನು ಬಳ್ಳಾರಿಯವನು. ಎರಡು ಮೂರು ದಿನ ಸೈಕಲ್ ಮೇಲೆ ಸುತ್ತಬೇಕೆಂಬ ಆಸೆ. ಕಾಡಿನ ಗುಡ್ಡಗಳು, ನದಿಯ ಪಕ್ಕದ ರಸ್ತೆಗಳು ಬೇಕು ಎಂದರೆ ಎಲ್ಲರೂ ಚಿಕ್ಕಮಗಳೂರು, ಸಕಲೇಶಪುರ ಎನ್ನುತ್ತಾರೆ. ನಮ್ಮ ಭಾಗದಲ್ಲಿ ಅಂಥ ದಾರಿಗಳೇ ಇಲ್ಲವೇ?

ಉತ್ತರ: ಇವೆ. ಈ ಭಾಗದ ಯುವಕರಿಂದ ಪದೇ ಪದೇ ಕೇಳಿಬರುವ ಪ್ರಶ್ನೆ ಇದು. ಪ್ರತಿ ಸಲ ಕೇಳಿದಾಗಲೂ ನನಗೆ ಸ್ವಲ್ಪ ಬೇಸರವಾಗುತ್ತದೆ. ಬಳ್ಳಾರಿ ಎಂದರೆ ಬಿಸಿಲು ಮತ್ತು ಅದಿರಿನ ಧೂಳು, ರಾಯಚೂರು ಎಂದರೆ ಬರ ಎಂಬ ಮಾತನ್ನು ಹೊರಗಿನವರಿಗಿಂತ ನಾವೇ ಹೆಚ್ಚು ನಂಬಿಕೊಂಡಿದ್ದೇವೆ. ನಿಮ್ಮ ಊರಿನಿಂದ ಒಂದು ದಿನದ ಸವಾರಿಯಷ್ಟು ದೂರದಲ್ಲಿ ಸಂಡೂರಿನ ಕಾಡು ಗುಡ್ಡಗಳಿವೆ, ಇನ್ನೊಂದು ದಿನದ ದೂರದಲ್ಲಿ ತುಂಗಭದ್ರೆಯ ಬಂಡೆಗಲ್ಲುಗಳ ಕಣಿವೆಯಿದೆ. ಮಲೆನಾಡಿನ ದಾರಿಗಳಿಗೂ ಇವಕ್ಕೂ ಒಂದು ವ್ಯತ್ಯಾಸವಿದೆ. ಇಲ್ಲಿ ಯಾವ ದಾರಿ ಎಂಬುದಕ್ಕಿಂತ ಯಾವ ತಿಂಗಳು, ದಿನದ ಯಾವ ಹೊತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ಕಣ್ಣು ತುಂಬಾ ಹಸಿರು ಕಾಣಿಸುವ ರಸ್ತೆಯೇ ಏಪ್ರಿಲ್‌ನಲ್ಲಿ ನಿಮ್ಮನ್ನು ಆಸ್ಪತ್ರೆಗೆ ಸೇರಿಸಬಲ್ಲದು.

ಸಂಡೂರಿನಿಂದ ಶುರುಮಾಡೋಣ. ಎರಡು ಬೆಟ್ಟಸಾಲುಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಹಬ್ಬಿವೆ, ನಡುವೆ ಸಂಡೂರಿನ ಕಣಿವೆ. ನಾರಿಹಳ್ಳ ಆ ಬೆಟ್ಟಗಳನ್ನು ಸೀಳಿಕೊಂಡು ಹರಿಯುತ್ತದೆ. ಹಾಗೆ ಸೀಳಿದ ಜಾಗಗಳೇ ಭೀಮಗಂಡಿ ಮತ್ತು ಉಬ್ಬಲಗಂಡಿ. ಬಯಲಿನ ಬಿಸಿಲಿನಲ್ಲಿ ತುಳಿದು ಬಂದವರು ಇಂಥ ಕಂದರದ ನೆರಳಿಗೆ ಹೊಕ್ಕಾಗ ಗಾಳಿಯ ತಂಪೇ ಬೇರೆಯಾಗುತ್ತದೆ. ಹಳ್ಳಕ್ಕೆ ತಾರಾನಗರದ ಬಳಿ ಅಣೆಕಟ್ಟು ಕಟ್ಟಿದ್ದಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಹಿನ್ನೀರು, ಅದರ ಹಿಂದಿನ ಗುಡ್ಡಸಾಲು ನೋಡಲು ಒಂದು ಬೆಳಗನ್ನು ಪೂರ್ತಿ ಮೀಸಲಿಡಬಹುದು. ಗಾಂಧೀಜಿ 1934ರಲ್ಲಿ ಸಂಡೂರಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಅವರು ಹೇಳಿದರೆಂದು ಇಲ್ಲಿನ ಜನ ಇಂದಿಗೂ ನೆನೆಯುತ್ತಾರೆ. ಸೈಕಲ್ ಸವಾರರಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ತೋಚುವುದಿಲ್ಲ. ಸೆಪ್ಟೆಂಬರಿನಿಂದ ನವೆಂಬರ್ ಕೊನೆಯವರೆಗೆ ಈ ಗುಡ್ಡಗಳು ಹಸಿರಾಗಿರುತ್ತವೆ, ಹುಲ್ಲು ಎದೆಯುದ್ದ ಬೆಳೆದಿರುತ್ತದೆ, ಸೀತಾಫಲ ಮಾಗುತ್ತದೆ. ಡಿಸೆಂಬರ್ ದಾಟಿದಂತೆ ದಿಂಡಿಗದಂಥ ಮರಗಳು ಎಲೆ ಉದುರಿಸತೊಡಗುತ್ತವೆ. ಇದು ಎಲೆ ಉದುರುವ ಒಣಕಾಡು, ನಿತ್ಯಹಸಿರು ಕಾಡಲ್ಲ.

ಊರಿನಿಂದ ಕುಮಾರಸ್ವಾಮಿ ಬೆಟ್ಟದ ದಾರಿ ಹಿಡಿಯಿರಿ. ಸ್ವಾಮಿಮಲೈ ಅರಣ್ಯದ ನಡುವೆ ಏರಿ ಹೋಗುವ ಈ ರಸ್ತೆ ಸುಮಾರು ಹತ್ತು ಹನ್ನೆರಡು ಕಿಲೋಮೀಟರ್. ಉದ್ದ ಕಡಿಮೆ, ಆದರೆ ಏರು ಗಟ್ಟಿಯಾಗಿದೆ. ಸಾಮಾನು ಹೇರಿದ ಸೈಕಲ್ಲಿಗೆ ಸಣ್ಣ ಗೇರ್ ಬೇಕೇ ಬೇಕು. ಇಲ್ಲದಿದ್ದರೆ ಚೀಲಗಳನ್ನು ಸಂಡೂರಿನ ವಸತಿಗೃಹದಲ್ಲೇ ಬಿಟ್ಟು ಹೋಗಿ. ಮೇಲೆ ಪಾರ್ವತಿ ಮತ್ತು ಕುಮಾರಸ್ವಾಮಿಯರ ಗುಡಿಗಳಿವೆ. ಪಾರ್ವತಿಯ ಗುಡಿ ಸಾವಿರ ವರ್ಷಕ್ಕೂ ಹಳೆಯದು. ಏರುವ ಶಕ್ತಿ ಇನ್ನೂ ಉಳಿದಿದ್ದವರಿಗೆ ಇನ್ನೊಂದು ದಿನ ರಾಮಗಡವಿದೆ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯ ದಂಡಿನ ಸೈನಿಕರು ಆರೋಗ್ಯ ಸುಧಾರಿಸಿಕೊಳ್ಳಲು ಬರುತ್ತಿದ್ದ ಬೆಟ್ಟವದು, ಸಾವಿರ ಮೀಟರಿಗೆ ಹತ್ತಿರದ ಎತ್ತರ.

ಇಲ್ಲಿ ಅದಿರಿನ ಲಾರಿಗಳ ವಿಷಯ ಹೇಳದೆ ಮುಂದೆ ಹೋಗಲಾಗದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಂದಿಗೆ ಗಣಿಗಳು ಮತ್ತೆ ತೆರೆದವು. ಹಿಂದಿನ ಹುಚ್ಚು ಓಟ ಈಗಿಲ್ಲ, ಆದರೆ ತೋರಣಗಲ್ಲು, ಸಂಡೂರು, ದೋಣಿಮಲೈ ನಡುವೆ ಲಾರಿಗಳು ಸದಾ ಓಡುತ್ತಲೇ ಇರುತ್ತವೆ. ಮೊದಲ ಮಳೆ ಬಿದ್ದಾಗ ರಸ್ತೆಯ ಮೇಲಿನ ಕೆಂಪು ಧೂಳು ಜಾರುವ ಕೆಸರಾಗುತ್ತದೆ, ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ನಾನು ಬಳ್ಳಾರಿಯಿಂದ ತೋರಣಗಲ್ಲಿನ ಹೆದ್ದಾರಿಯಲ್ಲಿ ಸೈಕಲ್ ತುಳಿಯುವುದನ್ನು ಯಾರಿಗೂ ಹೇಳುವುದಿಲ್ಲ. ಸೈಕಲನ್ನು ರೈಲಿನಲ್ಲಿ ಹೊಸಪೇಟೆಗೆ ಒಯ್ದು, ಅಲ್ಲಿಂದ ಸುಮಾರು 30 ಕಿಲೋಮೀಟರ್ ತುಳಿದು ಸಂಡೂರು ಸೇರುವುದು ವಾಸಿ. ರೈಲಿನಲ್ಲಿ ಒಯ್ಯಲು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ, ಸೈಕಲ್ಲಿಗೆ ಹೆಸರು ಮತ್ತು ಊರಿನ ಚೀಟಿ ಕಟ್ಟಿ. ಗಾಡಿ ಒಂದೆರಡು ನಿಮಿಷ ಮಾತ್ರ ನಿಲ್ಲುವ ಸಣ್ಣ ನಿಲ್ದಾಣಗಳಲ್ಲಿ ಲಗೇಜ್ ಬೋಗಿಗೆ ಹತ್ತಿಸಲು ಇಳಿಸಲು ಸಮಯ ಸಾಲುವುದಿಲ್ಲವಾದ್ದರಿಂದ ದೊಡ್ಡ ನಿಲ್ದಾಣಗಳನ್ನೇ ಆರಿಸಿಕೊಳ್ಳಿ.

ಡಾಂಬರು ರಸ್ತೆ ಬಿಟ್ಟು ಕಾಡಿನ ಒಳದಾರಿಗೆ ಇಳಿಯುವ ಮುನ್ನ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಅನುಮತಿ ಕೇಳಿ. ನೆಪಮಾತ್ರದ ಶಿಷ್ಟಾಚಾರವೆಂದು ಇದನ್ನು ತಳ್ಳಿಹಾಕಬೇಡಿ. ಈ ಕಾಡಿನ ಮೇಲೆ ಈಗಲೇ ಸಾಕಷ್ಟು ಒತ್ತಡವಿದೆ. ದೇವದಾರಿ ಬೆಟ್ಟದ ಗಣಿಗಾಗಿ ಕಾಡು ಕಡಿಯುವ ಪ್ರಸ್ತಾಪ 2024ರಲ್ಲಿ ರಾಜ್ಯವಿಡೀ ಚರ್ಚೆಯಾಯಿತು. ನಿಧಾನವಾಗಿ, ಸದ್ದಿಲ್ಲದೆ ಬಂದು ಹೋಗುವ ಸವಾರರು ಹೆಚ್ಚಿದರೆ ಈ ಬೆಟ್ಟಗಳಿಗೆ ಅದಿರಿನ ಹೊರತಾದ ಬೆಲೆಯೂ ಇದೆ ಎಂದು ತೋರಿಸಿದಂತಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇನ್ನು ನದಿಯ ದಾರಿ. ಹಂಪಿಯ ದಡ ಎಲ್ಲರಿಗೂ ಗೊತ್ತು. ಸೈಕಲ್ಲಿಗೆ ಅದಕ್ಕಿಂತ ಕೊಪ್ಪಳ ಜಿಲ್ಲೆಯ ದಡವೇ ಮೇಲು. ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟು ನೋಡಿಕೊಂಡು ಹುಲಿಗಿಗೆ ಬನ್ನಿ, ಹುಲಿಗೆಮ್ಮನ ಗುಡಿಯ ಸುತ್ತ ತಿಂಡಿ ಸಿಗುತ್ತದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಾಕು. ಅಲ್ಲಿಂದ ಶಿವಪುರ, ಸಾಣಾಪುರ, ಹನುಮನಹಳ್ಳಿ ದಾಟಿ ಆನೆಗೊಂದಿ, ಕೊನೆಗೆ ಗಂಗಾವತಿ. ಹೆಚ್ಚುಕಡಿಮೆ 40 ಕಿಲೋಮೀಟರ್. ಒಂದು ಪಕ್ಕ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆ, ಇನ್ನೊಂದು ಪಕ್ಕ ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ. ಏರು ಎನ್ನುವಂಥದ್ದು ಕಡಿಮೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವುದಾದರೆ ಸೂರ್ಯ ನೆತ್ತಿಗೇರುವ ಮುಂಚೆ ಹತ್ತಿ ಇಳಿಯಿರಿ. ಪಂಪಾ ಸರೋವರದ ಬಳಿ ಮಧ್ಯಾಹ್ನ ಕಳೆದು, ಬಿಸಿಲು ಇಳಿದ ಮೇಲೆ ಗಂಗಾವತಿಯತ್ತ ಹೊರಡಬಹುದು. ಆದರೆ ಕತ್ತಲಾಗುವ ತನಕ ಕಾಯಬೇಡಿ. ಈ ಗುಡ್ಡಗಳಲ್ಲಿ ಚಿರತೆಗಳಿವೆ, 2020ರಲ್ಲಿ ಆನೆಗೊಂದಿಯ ಬಳಿ ಪ್ರಾಣಹಾನಿಯೂ ಆಗಿದೆ. ಎದುರು ದಡದಾಚೆ ದರೋಜಿ ಕರಡಿಧಾಮವಿರುವ ಸೀಮೆಯಲ್ಲೂ ಇದೇ ನಿಯಮ. ಕರಡಿ ಆಹಾರಕ್ಕೆ ಹೊರಡುವುದು ಸಂಜೆ, ಆ ಹೊತ್ತಿಗೆ ಸದ್ದಿಲ್ಲದ ಸೈಕಲ್ ಅದಕ್ಕೆ ಹಠಾತ್ತನೆ ಎದುರಾಗಬಾರದು.

ಅಣೆಕಟ್ಟಿನಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಬೆಳಗಿನ ಜಾವ ದಡದ ಬಂಡೆಗಳ ಮೇಲೆ ಕದಲದೆ ಕುಳಿತರೆ ಅವು ಕಾಣುವ ಸಾಧ್ಯತೆ ಉಂಟು. ನೀರಿಗೆ ಮಾತ್ರ ಇಳಿಯಬೇಡಿ. ನದಿಯಲ್ಲಿ ಮೊಸಳೆಗಳಿವೆ. ಸಾಣಾಪುರದ ಬಳಿ ಬಂಡೆಯಿಂದ ಧುಮುಕಿ ಸೆಳವಿಗೆ ಸಿಕ್ಕವರೂ ಇದ್ದಾರೆ.

ಗಂಗಾವತಿಯಲ್ಲಿ ಉಳಿದರೆ ಮರುದಿನ ಬೆಳಿಗ್ಗೆ ಹಿರೇಬೆಣಕಲ್‌ಗೆ ಹೋಗಲೇಬೇಕು. ದೂರ ಹತ್ತು ಕಿಲೋಮೀಟರಿನಷ್ಟು. ಸೈಕಲನ್ನು ಊರಿನಲ್ಲಿ ಯಾರದಾದರೂ ಮನೆಯ ಮುಂದೆ ಇಟ್ಟು ಗುಡ್ಡ ಹತ್ತಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಶಿಲಾಸಮಾಧಿಗಳು, ಕಲ್ಲುಚಪ್ಪಡಿಗಳಿಂದ ಮನೆಯಂತೆ ಕಟ್ಟಿದಂಥವು, ನೂರಾರು ಇವೆ. ಊರವರು ಮೊರೇರ ಮನೆಗಳು ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗವಿದು.

ಬಳ್ಳಾರಿಗೆ ಮರಳಲು ಕಂಪ್ಲಿ ಸೇತುವೆ ದಾಟಿ ಕುರುಗೋಡಿನ ಮೇಲೆ ಬರುವುದು ಸೊಗಸಾದ ದಾರಿ. ಆದರೆ ಜುಲೈ, ಆಗಸ್ಟಿನಲ್ಲಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಆ ಸೇತುವೆ ಮುಳುಗುತ್ತದೆ, ಸಂಚಾರ ನಿಲ್ಲಿಸುತ್ತಾರೆ. ಹೊರಡುವ ದಿನದ ಪತ್ರಿಕೆಯಲ್ಲಿ ಹೊರಹರಿವಿನ ಅಂಕಿ ನೋಡಿಕೊಳ್ಳಿ. ಆಷಾಢದ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಬಯಲಿನಲ್ಲಿ ಪಶ್ಚಿಮದ ಗಾಳಿ ಎಡೆಬಿಡದೆ ಬೀಸುತ್ತದೆ. ಮುನಿರಾಬಾದಿನಿಂದ ಗಂಗಾವತಿಗೆ ಬಂದರೆ ಅದು ಬೆನ್ನು ತಳ್ಳುತ್ತದೆ. ತಿರುಗುಮುರುಗಾಗಿ ಹೋದರೆ ಸಮತಟ್ಟಾದ ರಸ್ತೆಯೇ ಘಾಟಿಯಾಗುತ್ತದೆ. ಮಾರ್ಚ್‌ನಿಂದ ಮೇ ತನಕ ಯಾವ ದಿಕ್ಕೂ ಬೇಡ.

ಟೈರಿನ ಬಗ್ಗೆ. ಬಳ್ಳಾರಿ ಜಾಲಿಯ ಮುಳ್ಳು ಇಲ್ಲಿನ ಪ್ರತಿ ರಸ್ತೆಯಂಚಿನಲ್ಲಿದೆ, ತೆಳು ಟೈರನ್ನು ಸುಲಭವಾಗಿ ಚುಚ್ಚಿ ದಾಟುತ್ತದೆ. ಅಗಲವಾದ, ದಪ್ಪ ಮೈಯ ಟೈರ್ ಹಾಕಿ, ಎರಡು ಟ್ಯೂಬ್ ಜೊತೆಗಿರಲಿ. ನೆರಳು ಕಂಡಿತೆಂದು ಜಾಲಿಯ ಬುಡಕ್ಕೆ ಸೈಕಲ್ ಒಯ್ಯಬೇಡಿ. ಹಳ್ಳಿಗಳಲ್ಲಿ ಪಂಕ್ಚರ್ ಅಂಗಡಿ ಸಿಗುತ್ತದೆ, ಆದರೆ ಹೊಸ ಸೈಕಲ್‌ಗಳ ತೆಳು ವಾಲ್ವ್‌ಗೆ ಅಲ್ಲಿನ ಗಾಳಿಯಂತ್ರ ಕೂರುವುದಿಲ್ಲ. ಬೆರಳ ತುದಿಯಷ್ಟು ಚಿಕ್ಕ ಅಡಾಪ್ಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡರೆ ಆ ತೊಂದರೆ ಮುಗಿಯಿತು. ಎರೆಭೂಮಿಯ, ಅಂದರೆ ಕಪ್ಪುಮಣ್ಣಿನ, ಹೊಲದ ದಾರಿಗೆ ಮಳೆಯಲ್ಲಿ ಇಳಿದರೆ ಮಣ್ಣು ಮಡ್‌ಗಾರ್ಡ್‌ಗೆ ತುಂಬಿಕೊಂಡು ಚಕ್ರವೇ ತಿರುಗುವುದಿಲ್ಲ, ಸೈಕಲನ್ನು ಹೊತ್ತು ನಡೆಯಬೇಕಾಗುತ್ತದೆ. ಕೆಂಪುಮಣ್ಣಿನ ಮಸಬು ಭೂಮಿಯ ದಾರಿಗಳು ಮಳೆ ನಿಂತ ಕೆಲ ಹೊತ್ತಿನಲ್ಲೇ ಓಡಾಟಕ್ಕೆ ಬರುತ್ತವೆ. ಭತ್ತದ ಕೊಯ್ಲಿನ ದಿನಗಳಲ್ಲಿ ಗಂಗಾವತಿ, ಕಂಪ್ಲಿ ಸುತ್ತ ಅರ್ಧ ರಸ್ತೆಯ ಮೇಲೆ ಭತ್ತ ಒಣಹಾಕಿರುತ್ತಾರೆ. ಅದರ ಮೇಲೆ ಚಕ್ರ ಹಾಯಿಸದೆ ಇಳಿದು ತಳ್ಳಿಕೊಂಡು ಹೋಗಿ, ಅದು ಒಬ್ಬರ ವರ್ಷದ ಅನ್ನ.

ಇನ್ನೂ ಎರಡು ದಿನ ಕೈಯಲ್ಲಿದ್ದರೆ ರಾಯಚೂರು ಜಿಲ್ಲೆಗೆ ದಾಟಿ. ಗಂಗಾವತಿಯಿಂದ ಕನಕಗಿರಿ, ತಾವರಗೇರಾ, ಮುದಗಲ್ ಕೋಟೆ, ಲಿಂಗಸುಗೂರು. ಕಾಡಿಲ್ಲದ ಬಯಲಿನ ದಾರಿ, ನೆರಳು ಕಡಿಮೆ. ಹೋಗುವುದು ಕೊನೆಯಲ್ಲಿರುವ ಜಲದುರ್ಗಕ್ಕಾಗಿ. ಅಲ್ಲಿ ಕೃಷ್ಣೆ ಕವಲೊಡೆದು ನಡುಗಡ್ಡೆಗಳನ್ನು ಮಾಡಿಕೊಂಡಿದ್ದಾಳೆ. ಕೋಟೆಯ ಮೇಲಿನಿಂದ ಕಾಣುವ ಆ ಕಣಿವೆಗೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಸಾಟಿ ನಾನು ಕಂಡಿಲ್ಲ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಹಳ್ಳಿಗಳ ಸಂಪರ್ಕ ಕಡಿಯುತ್ತದೆ. ಹಾಗಾಗಿ ನವೆಂಬರ್ ನಂತರ ಹೋಗಿ, ಲಿಂಗಸುಗೂರಿನಲ್ಲಿ ರಾತ್ರಿ ಉಳಿದು, ಎರಡು ಬಾಟಲಿ ಹೆಚ್ಚು ನೀರು ತುಂಬಿಕೊಂಡು ಬೆಳಿಗ್ಗೆ ಆರಕ್ಕೆಲ್ಲ ಹೊರಟುಬಿಡಿ.