ಗ್ಯಾಸ್ ದೀಪಕ್ಕೆ ಮರುಜೀವ ಕೊಟ್ಟ ಬೂದಿಯ ಬಲೆ

ಎಡಿಸನ್ ಬಲ್ಬು ಬಂತು, ಗ್ಯಾಸ್ ದೀಪ ಆರಿತು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ 1882ರಲ್ಲಿ ಶುರುವಾದ ಮೇಲೂ ಯುರೋಪಿನ ಬೀದಿಗಳಲ್ಲಿ ಗ್ಯಾಸ್ ದಶಕಗಳ ಕಾಲ ಉರಿಯಿತು.

1792ರಲ್ಲಿ ವಿಲಿಯಂ ಮರ್ಡಾಕ್ ಇಂಗ್ಲೆಂಡಿನ ರೆಡ್ರೂತ್‌ನ ತನ್ನ ಮನೆಗೆ ಕಲ್ಲಿದ್ದಲ ಗ್ಯಾಸ್ ಹಾಯಿಸಿದ. 1812ಕ್ಕೆ ಲಂಡನ್ನಿನಲ್ಲಿ ಗ್ಯಾಸ್ ಕಂಪನಿ ಹುಟ್ಟಿತು, 1857ಕ್ಕೆ ಕಲ್ಕತ್ತೆಯ ಬೀದಿಗೂ ಗ್ಯಾಸ್ ಬಂತು. ಗಾಳಿಯಾಡದ ಭಟ್ಟಿಯಲ್ಲಿ ಕಲ್ಲಿದ್ದಲು ಕಾಯಿಸಿ, ಡಾಂಬರು, ಅಮೋನಿಯ ಬೇರ್ಪಡಿಸಿ, ಸುಣ್ಣದ ಮೂಲಕ ಹಾಯಿಸಿ ಗಂಧಕದ ನಾತ ಕಳೆಯುತ್ತಿದ್ದರು. ಬೆಳಕು ಬರುತ್ತಿದ್ದುದು ಜ್ವಾಲೆಯೊಳಗೆ ಕಾದು ಹೊಳೆಯುವ ಮಸಿಯ ಕಣಗಳಿಂದ. ಹಾಗಾಗಿ ಮಾಳಿಗೆ ಕಪ್ಪಾಗುತ್ತಿತ್ತು, ನಾಟಕಶಾಲೆ ಬೇಯುತ್ತಿತ್ತು. 1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರ ವಿದ್ಯುತ್ ದೀಪಗಳೊಂದಿಗೇ ಬಾಗಿಲು ತೆರೆದದ್ದರಲ್ಲಿ ಅಚ್ಚರಿಯೇನಿಲ್ಲ.

ಆಟ ತಿರುಗಿಸಿದ್ದು ಆಸ್ಟ್ರಿಯದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್. 1885ರ ಅವನ ಮೊದಲ ಮ್ಯಾಂಟಲ್ (ಉರಿಯ ಶಾಖಕ್ಕೆ ಕಾದು ತಾನೇ ಬೆಳಗುವ ಬಲೆ) ಹಸಿರು ಬೆಳಕು ಕೊಡುತ್ತಿತ್ತು, ಮುಟ್ಟುವ ಮುಂಚೆಯೇ ಉದುರುತ್ತಿತ್ತು. 1891ರ ಹೊತ್ತಿಗೆ ಪಾಕ ಸಿಕ್ಕಿತು: ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್. ಬರೀ ಥೋರಿಯಂ ಮಂಕು, ಸೀರಿಯಂ ಹೆಚ್ಚಾದರೂ ಮಂಕು. ಹತ್ತಿಯ ಚೀಲವನ್ನು ಈ ಲೋಹಗಳ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಸುಟ್ಟರೆ ನೂಲು ಹೋಗಿ ಆಕ್ಸೈಡಿನ ಬಲೆ ಉಳಿಯುತ್ತದೆ. ಸಾಗಿಸುವಾಗ ಪುಡಿಯಾಗದಿರಲು ಅದನ್ನು ಕೊಲೋಡಿಯನ್ ಎಂಬ, ಒಣಗಿದರೆ ಪೊರೆಯಾಗುವ ದ್ರವದಲ್ಲಿ ಅದ್ದುತ್ತಿದ್ದರು. ಈಗ ಮಸಿಯ ಜ್ವಾಲೆಯೇ ಬೇಡ. ಗಾಳಿ ಬೆರೆತ ನೀಲಿ ಉರಿ ಸಾಕು. ಗಾಳಿ ಕಡಿಮೆಯಾದರೆ ಮ್ಯಾಂಟಲ್ ಕಪ್ಪಿಡುತ್ತದೆ. ತೂತು ಬಿದ್ದರೆ ಉರಿ ಅಲ್ಲಿಂದ ನುಗ್ಗಿ ಗಾಜು ಒಡೆಯುತ್ತದೆ. ಸಣ್ಣ ತೂತೆಂದು ಬಿಟ್ಟು ಗಾಜು ಕಳೆದುಕೊಂಡವರೇ ಹೆಚ್ಚು. ಅದೇ ಗ್ಯಾಸಿಗೆ ಹಲವು ಪಟ್ಟು ಬೆಳಕು ಸಿಕ್ಕಿದ್ದರಿಂದ ಇಂಗಾಲದ ತಂತಿಯ ಬಲ್ಬು ದುಬಾರಿಯಾಗಿ ಕಂಡಿತು. ಆ ತಂತಿಗೆ ಒಂದು ಕ್ಯಾಂಡಲ್ ಬೆಳಕಿಗೆ ಸುಮಾರು 3.5 ವ್ಯಾಟ್ ಬೇಕಿತ್ತು.

ಥೋರಿಯಂ ಬೇಡಿಕೆ ತಿರುವಾಂಕೂರಿನ ಕಡಲ ಮರಳನ್ನೂ ಎಳೆದು ತಂದಿತು: 1909ರಲ್ಲಿ ಜರ್ಮನ್ ರಸಾಯನಜ್ಞ ಶೋಂಬರ್ಗ್ ಅಲ್ಲಿ ಥೋರಿಯಂ ಇರುವ ಖನಿಜ ಮೊನಜೈಟ್ ಗುರುತಿಸಿದ. ಆದರೆ ಅಷ್ಟರಲ್ಲಿ ಟಂಗ್‌ಸ್ಟನ್ ತಂತಿ ಬಂದಾಗಿತ್ತು. ಅದಕ್ಕೆ ಕ್ಯಾಂಡಲ್ಲಿಗೆ 1.25 ವ್ಯಾಟ್ ಸಾಕು. ಗ್ಯಾಸನ್ನು ನಿಜಕ್ಕೂ ಸೋಲಿಸಿದ್ದು ಈ ಲೆಕ್ಕ. ಆಮೇಲೆ ಗ್ಯಾಸ್ ಅಡುಗೆಮನೆ, ಹೀಟರಿನ ಕಡೆ ಸರಿಯಿತು. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೀದಿ ಬೆಳಗಿಸಿದ ಬೆಂಗಳೂರು ಈ ಪೈಪೋಟಿಗೇ ಬೀಳಲಿಲ್ಲ. ನಮ್ಮ ಬಯಲಾಟ, ಮದುವೆ ಚಪ್ಪರಗಳ ಗ್ಯಾಸ್‌ಲೈಟಿನಲ್ಲಿ ಉರಿದದ್ದು ಸೀಮೆಎಣ್ಣೆಯ ಆವಿ, ಮ್ಯಾಂಟಲ್ ಮಾತ್ರ ವೆಲ್ಸ್‌ಬಾಕನದೇ.

ಈಗಿನ ಜಗಳ ಉಳಿದ ದೀಪಗಳದ್ದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಡಳಿತ 2021ರಲ್ಲಿ ಗ್ಯಾಸ್ ದೀಪಗಳನ್ನು ಎಲ್‌ಇಡಿಗೆ ಬದಲಿಸಲು ಹೊರಟಾಗ ವಿರೋಧ ಎದ್ದಿತು. ಬರ್ಲಿನ್‌ನಲ್ಲೂ ಇದೇ ಚರ್ಚೆ ವರ್ಷಗಳಿಂದ ನಡೆದಿದೆ. ಖರ್ಚು, ಇಂಧನದ ವಾದ ಸುಳ್ಳಲ್ಲ. ಆದರೆ ಕಂಬ ಉಳಿಸಿ ಒಳಗೆ ಎಲ್‌ಇಡಿ ಇಟ್ಟರೆ ಪರಂಪರೆ ಉಳಿದಂತೆ ಎನ್ನುವವರು, ಉರಿಯುವ ಮ್ಯಾಂಟಲ್ಲನ್ನು ಹತ್ತಿರದಿಂದ ನೋಡಿದಂತಿಲ್ಲ.