ಲ್ಯಾಕ್ರೋಸ್‌ನ ಆಫ್‌ಸೈಡ್ ಎಂದರೆ ತಲೆ ಎಣಿಕೆ: ಹಾಕಿ ಬಲ್ಲವರಿಗೆ ಒಂದು ಟಿಪ್ಪಣಿ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿದ ಪಟ್ಟಿಯಲ್ಲೇ ಲ್ಯಾಕ್ರೋಸ್ ಕೂಡ ಇತ್ತು. ಕೋಲು, ಚೆಂಡು, ಗೋಲು, ಗೋಲ್‌ಕೀಪರ್. ಹಾಕಿ ಗೊತ್ತಿದ್ದರೆ ಸಾಕು ಎಂದುಕೊಂಡು ನೋಡಲು ಕುಳಿತೆ. ಸಾಲಲಿಲ್ಲ. (ಒಲಿಂಪಿಕ್ಸ್‌ನದು ಆರು ಜನರ ‘ಸಿಕ್ಸಸ್’. ಇಲ್ಲಿ ಬರೆದಿರುವುದು ಪುರುಷರ ಹತ್ತು ಜನರ ಮೈದಾನದ ಆಟದ ಬಗ್ಗೆ.)

ಕೋಲಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಾಕಿಯಲ್ಲಿ ಚೆಂಡು ಹೆಚ್ಚಾಗಿ ನೆಲದ ಮೇಲೆ, ಲ್ಯಾಕ್ರೋಸ್‌ನಲ್ಲಿ ಕೋಲಿನ ತುದಿಯ ಬಲೆಯೊಳಗೆ. ಓಡುವಾಗ ಅದು ಜಾರದಂತೆ ಕೋಲನ್ನು ತೊಟ್ಟಿಲಿನ ಹಾಗೆ ತೂಗುತ್ತಾರೆ. ಹೆಸರೂ ಕ್ರೇಡ್ಲಿಂಗ್ ಎಂದೇ. ಎದುರಾಳಿಯ ಕೋಲಿಗೆ ಹೊಡೆದರೆ ಹಾಕಿಯಲ್ಲಿ ಫೌಲ್, ಇಲ್ಲಿ ಅದೇ ರಕ್ಷಣೆಯ ಕಲೆ.

ನಾನು ಮುಗ್ಗರಿಸಿದ್ದು ಆಫ್‌ಸೈಡ್‌ನಲ್ಲಿ. ಹಾಕಿ 1990ರ ದಶಕದಲ್ಲೇ ಅದನ್ನು ಕೈಬಿಟ್ಟಿದ್ದರಿಂದ ನನ್ನ ತಲೆಯಲ್ಲಿ ಕುಳಿತಿದ್ದದ್ದು ಫುಟ್‌ಬಾಲ್‌ನ ಆಫ್‌ಸೈಡ್. ಸೀಟಿ ಊದಿದಾಗಲೆಲ್ಲ ಗೋಲಿನ ಬಳಿ ಯಾರು ಮುಂದೆ ನುಸುಳಿದರು ಎಂದು ಹುಡುಕುತ್ತಿದ್ದೆ. ತಪ್ಪು ನಡೆಯುತ್ತಿದ್ದದ್ದು ನಡುಗೆರೆಯಲ್ಲಿ!

ಲೆಕ್ಕ ಹೀಗಿದೆ. ಒಬ್ಬ ಗೋಲ್‌ಕೀಪರ್, ಮೂವರು ಡಿಫೆಂಡರ್‌ಗಳು, ಮೂವರು ಮಿಡ್‌ಫೀಲ್ಡರ್‌ಗಳು, ಮೂವರು ಅಟ್ಯಾಕರ್‌ಗಳು. ಹತ್ತೂ ಜನ ಕಣದಲ್ಲಿರುವಾಗ ತಮ್ಮ ಅರ್ಧದಲ್ಲಿ ಕನಿಷ್ಠ ನಾಲ್ವರು, ಎದುರಾಳಿಯ ಅರ್ಧದಲ್ಲಿ ಕನಿಷ್ಠ ಮೂವರು ಇರಲೇಬೇಕು. ಉಳಿದ ಮೂವರು ಎತ್ತ ಬೇಕಾದರೂ ಓಡಬಹುದು. ಆದ್ದರಿಂದ ನನ್ನ ಬಾಯಿಪಾಠ: ‘ಮುಂದೆ ಆರು, ಹಿಂದೆ ಏಳು, ಮೀರಬೇಡ.’

ಇಷ್ಟು ಓದಿದ ಮೇಲೂ ನನಗೆ ಇನ್ನೊಂದು ಭ್ರಮೆಯಿತ್ತು: ಡಿಫೆಂಡರ್ ಎಂದು ಹೆಸರಿದ್ದವನು ಗೆರೆ ದಾಟುವಂತೆಯೇ ಇಲ್ಲ ಎಂದು. ಹಾಗಲ್ಲ. ನಿಯಮ ತಲೆ ಎಣಿಸುತ್ತದೆ, ಹೆಸರು ಕೇಳುವುದಿಲ್ಲ. ಡಿಫೆಂಡರ್ ಒಬ್ಬ ಚೆಂಡು ಕಸಿದುಕೊಂಡು ತನ್ನ ಉದ್ದ ಕೋಲಿನೊಂದಿಗೆ ಮುಂದಕ್ಕೆ ಧಾವಿಸಿದ ಎನ್ನೋಣ. ಮೂವರು ಮಿಡ್‌ಫೀಲ್ಡರ್‌ಗಳೂ ಅವನ ಜೊತೆ ದಾಟಿದರೆ ಮುಂದೆ 3 + 3 + 1, ಅಂದರೆ ಏಳು, ಸೀಟಿ. ಅದಕ್ಕೇ ಅಂಚಿನಿಂದ ‘ಮಿಡ್ಡಿ ಬ್ಯಾಕ್’ (ಮಿಡ್‌ಫೀಲ್ಡರ್, ಹಿಂದೆ ನಿಲ್ಲು) ಎಂಬ ಕೂಗು ಕೇಳುತ್ತದೆ, ಒಬ್ಬ ಮಿಡ್‌ಫೀಲ್ಡರ್ ಗೆರೆಯ ಈಚೆ ಕೋಲೆತ್ತಿ ನಿಂತುಬಿಡುತ್ತಾನೆ. ಅವನು ಸುಸ್ತಾಗಿ ನಿಂತಿದ್ದಾನೆ ಎಂದು ನಾನು ಬಹಳ ಹೊತ್ತು ನಂಬಿದ್ದೆ.

ಗೋಲಿನ ಹಿಂದೆಯೂ ಆಟವಿದೆ. ಹಾಕಿಯಲ್ಲಿ ದಾಳಿಕಾರರ ಹೊಡೆತ ನೇರವಾಗಿ ಹಿಂಗೆರೆ ದಾಟಿದರೆ ಚೆಂಡು ರಕ್ಷಕರಿಗೆ. ಇಲ್ಲಿ ಗೋಲಿಗೆ ಗುರಿಯಿಟ್ಟ ಹೊಡೆತ ಹೊರಹೋದರೆ, ಚೆಂಡು ಗೆರೆ ದಾಟುವ ಕ್ಷಣದಲ್ಲಿ ಅದಕ್ಕೆ ಅತಿ ಹತ್ತಿರವಿದ್ದವನ ತಂಡಕ್ಕೆ. ಗುರಿ ತಪ್ಪಿದ ಮೇಲೂ ಜೀವ ಬಿಟ್ಟು ಓಡುವುದು ಇದಕ್ಕೇ.

ಇನ್ನು ಬಂಧುತ್ವದ ಮಾತು. ಫೇಸ್‌ಆಫ್ (ಇಬ್ಬರು ಎದುರುಬದುರಾಗಿ ಚೆಂಡಿಗೆ ಸೆಣಸಿ ಆಟ ಶುರುಮಾಡುವುದು), ಮೈಗೆ ಮೈ ಡಿಕ್ಕಿ, ಶಿಕ್ಷೆಯಾದವನು ಹೊರಗೆ ಕುಳಿತಾಗ ಒಬ್ಬ ಕಡಿಮೆ: ಇವೆಲ್ಲ ನಮ್ಮ ಹಾಕಿಗಿಂತ ಐಸ್ ಹಾಕಿಗೇ ಹತ್ತಿರ. ಉತ್ತರ ಅಮೆರಿಕದ ಮೂಲನಿವಾಸಿಗಳ ಈ ಆಟಕ್ಕೆ 1867ರಲ್ಲಿ ಲಿಖಿತ ನಿಯಮ ಕೊಟ್ಟವರು ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್. ಕೆನಡಾ 1994ರ ಕಾಯ್ದೆಯಲ್ಲಿ ಐಸ್ ಹಾಕಿಯನ್ನು ಚಳಿಗಾಲದ, ಲ್ಯಾಕ್ರೋಸನ್ನು ಬೇಸಿಗೆಯ ರಾಷ್ಟ್ರೀಯ ಕ್ರೀಡೆಯೆಂದು ಹಂಚಿಟ್ಟಿದೆ. 1930ರ ದಶಕದಲ್ಲಂತೂ ಬೇಸಿಗೆಗೆ ಖಾಲಿ ಬೀಳುತ್ತಿದ್ದ ಐಸ್ ಹಾಕಿ ಅಂಕಣಗಳೊಳಗೇ ಅಲ್ಲಿ ಬಾಕ್ಸ್ ಲ್ಯಾಕ್ರೋಸ್, ಅಂದರೆ ಈ ಆಟದ ಒಳಾಂಗಣ ರೂಪ, ಶುರುವಾಯಿತು.